ಹತ್ತು ವರ್ಷದ ಕುದುರೆಗೆ ಹದಿನೈದು ದಿನದ ಪಾಠ

ಸಂಪಾದಕರಿಗೆ,

ಮಾನ್ಯರೇ,

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದ ಮನೆಗಳಲ್ಲೂ ಹೋಂಸ್ಟೇಗಳಲ್ಲೂ ಈಚೆಗೆ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಕುದುರೆ ಕಾಣಿಸುತ್ತದೆ. ಬಂದವರು ಫೋಟೊ ತೆಗೆಸಿಕೊಳ್ಳಲಿ, ಮಕ್ಕಳು ಅಂಗಳದಲ್ಲಿ ಒಂದು ಸುತ್ತು ಹೊಡೆಯಲಿ ಎಂಬ ಆಸೆ. ಆಸೆಯಲ್ಲಿ ತಪ್ಪಿಲ್ಲ. ಆದರೆ ಹೀಗೆ ಬರುವ ಕುದುರೆಗಳಲ್ಲಿ ಮರಿಯಿಂದಲೇ ಸವಾರಿಗೆಂದು ಬೆಳೆಸಿದವು ಕಡಿಮೆ. ಜಟಕಾ ಕಟ್ಟುವುದು ನಿಂತ ಮೇಲೆ ಮಾರಾಟಕ್ಕೆ ಬಂದದ್ದು, ಮರಿ ಹಾಕಿಸಲೆಂದೇ ಇಟ್ಟುಕೊಂಡಿದ್ದ ಹೆಣ್ಗುದುರೆ, ಯಾರೋ ಶೋಕಿಗೆ ಸಾಕಿ ಬೇಸತ್ತು ದಾಟಿಸಿದ್ದು. ವಯಸ್ಸು ಎಂಟೋ ಹತ್ತೋ ಹನ್ನೆರಡೋ ಆಗಿರುತ್ತದೆ; ಬೆನ್ನ ಮೇಲೆ ಅದುವರೆಗೆ ಒಬ್ಬ ಮನುಷ್ಯ ಕೂತಿರುವುದಿಲ್ಲ.

ಮಾರುವವರು ‘ಹದಿನೈದು ದಿನ ಸಾಕು, ಹತ್ತಿ ಕೂರಬಹುದು’ ಎನ್ನುತ್ತಾರೆ. ಊರ ಹಿರಿಯರು ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂದು ತಲೆ ಕೊಡವುತ್ತಾರೆ. ಕುದುರೆಯ ಮಟ್ಟಿಗೆ ಇಬ್ಬರ ಮಾತೂ ಸರಿಯಲ್ಲ. ಹತ್ತು ವರ್ಷದ ಕುದುರೆಯ ತಲೆ ಹದಿನೈದು ದಿನದಲ್ಲಿ ಬೇಕಾದಷ್ಟು ಕಲಿಯುತ್ತದೆ. ಕಲಿಯದೆ ಉಳಿಯುವುದು ಬೆನ್ನು. ಅದಕ್ಕೆ ಐದು ತಿಂಗಳು ಬೇಕು. ಈ ಎರಡು ಲೆಕ್ಕ ಬೆರೆಸಿಕೊಂಡಲ್ಲೇ ಹೆಚ್ಚಿನವರು ಎಡವುವುದು.

ಕುದುರೆಗೆ ನಮಗಿರುವ ಹಾಗೆ ಕೊರಳೆಲುಬಿಲ್ಲ. ಮುಂಗಾಲುಗಳು ಎದೆಗೂಡಿಗೆ ಮೂಳೆಯಿಂದ ಕೂಡಿಕೊಂಡಿಲ್ಲ. ಸ್ನಾಯುಗಳ ಜೋಲಿಯಲ್ಲಿ ಎದೆ ತೂಗಿಕೊಂಡಿದೆ. ಮುಂಗಾಲಿಗೂ ಹಿಂಗಾಲಿಗೂ ನಡುವೆ ಬೆನ್ನೆಲುಬು ನಮ್ಮ ಹಳ್ಳದ ಮೇಲಿನ ಕಾಲುಸಂಕದ ಹಾಗೆ ಚಾಚಿಕೊಂಡಿದೆ. ಅಡಿಯಿಂದ ಹೊಟ್ಟೆಯ ಸ್ನಾಯು ಬಿಗಿದು ಹಿಡಿದರೆ ಮಾತ್ರ ಆ ಸಂಕ ಬಾಗುವುದಿಲ್ಲ. ಹತ್ತು ವರ್ಷ ಏನನ್ನೂ ಹೊರದ ಕುದುರೆಗೆ ಆ ಬಿಗಿಯೇ ಇರುವುದಿಲ್ಲ. ನಾಲ್ಕೈದು ಮರಿ ಹಾಕಿದ ಹೆಣ್ಗುದುರೆಯ ಹೊಟ್ಟೆಯಂತೂ ಜೋತಿರುತ್ತದೆ, ಬೆನ್ನು ತಗ್ಗಿರುತ್ತದೆ. ಅಂಥದ್ದರ ಮೇಲೆ ಮೊದಲ ದಿನವೇ ಅರ್ಧ ಗಂಟೆ ಕೂತರೆ ಅದು ತಲೆ ಮೇಲೆತ್ತಿ, ಬೆನ್ನು ಇನ್ನಷ್ಟು ತಗ್ಗಿಸಿ, ಸಣ್ಣ ಸಣ್ಣ ಹೆಜ್ಜೆ ಹಾಕುತ್ತದೆ. ನೋಡುವವರಿಗೆ ‘ಎಷ್ಟು ಸಾಧು’ ಅನ್ನಿಸುತ್ತದೆ. ಮೂರನೆಯ ವಾರ ಅದೇ ಕುದುರೆ ಜೀನು ಕಂಡರೆ ಕಿವಿ ಹಿಂದಕ್ಕೆ ಮಡಚುತ್ತದೆ, ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ. ಆಗ ಅದಕ್ಕೆ ಹಟಮಾರಿ ಎಂಬ ಹೆಸರು. ನೋವಿನ ಮಾತಿಗೆ ಹಟದ ಅರ್ಥ ಕಟ್ಟುವುದು ಈ ಕಸುಬಿನ ಹಳೆಯ ಚಾಳಿ.

ವಯಸ್ಸಿನಿಂದ ಲಾಭವೂ ಉಂಟು. ಕುದುರೆಯ ಬೆನ್ನೆಲುಬಿನ ಬೆಳವಣಿಗೆ ಮುಗಿಯುವುದೇ ಸುಮಾರು ಆರನೆಯ ವರ್ಷಕ್ಕೆ. ಎರಡು ವರ್ಷದ ಮರಿಯ ಮೇಲೆ ಕೂತು ಮೂಳೆ ಕೆಡಿಸುವ ಅಪಾಯ ಇಲ್ಲಿಲ್ಲ. ಪೇಟೆಯಲ್ಲಿ ಓಡಾಡಿದ ಕುದುರೆಗೆ ಬಸ್ಸಿನ ಹಾರ್ನ್, ವಾಲಗ, ಗರ್ನಾಲು ಎಲ್ಲ ಕೇಳಿ ಗೊತ್ತು. ಮರಿಗಿಂತ ಗಮನವೂ ಹೆಚ್ಚು ಹೊತ್ತು ನಿಲ್ಲುತ್ತದೆ.

ಕೊಳ್ಳುವಾಗ ನೋಡಬೇಕಾದ್ದರಿಂದಲೇ ಶುರು ಮಾಡಬೇಕು. ಹೇಳಿದ ವಯಸ್ಸನ್ನು ನಂಬಬೇಡಿ, ಬಾಯಿ ತೆರೆಸಿ. ಐದು ವರ್ಷಕ್ಕೆ ಹಾಲುಹಲ್ಲೆಲ್ಲ ಬಿದ್ದು ಬಾಯಿ ತುಂಬಿರುತ್ತದೆ. ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನಲ್ಲಿ ಸುಮಾರು ಹತ್ತನೆಯ ವರ್ಷಕ್ಕೆ ವಸಡಿನ ಬುಡದಲ್ಲಿ ಕಂದು ಗೀರೊಂದು ಇಣುಕುತ್ತದೆ. ಹದಿನೈದಕ್ಕೆ ಅರ್ಧ ಹಲ್ಲಿಗೆ, ಇಪ್ಪತ್ತಕ್ಕೆ ತುದಿಯವರೆಗೆ ಇಳಿಯುತ್ತದೆ. ತಿಂಗಳ ಲೆಕ್ಕ ಸಿಗದು, ಆದರೆ ಎಂಟಕ್ಕೂ ಹದಿನಾರಕ್ಕೂ ವ್ಯತ್ಯಾಸ ಖಂಡಿತ ತಿಳಿಯುತ್ತದೆ. ದವಡೆಹಲ್ಲಿನ ಅಂಚು ಚೂಪಾಗಿ ಕೆನ್ನೆಯ ಒಳಗೆ ಹುಣ್ಣಾಗಿದೆಯೇ, ದವಡೆಹಲ್ಲಿನ ಮುಂದೆ ಕಡಲೆಕಾಳಿನಂಥ ಸಣ್ಣ ಹಲ್ಲೊಂದು ಉಳಿದಿದೆಯೇ ಎಂದು ವೈದ್ಯರಿಂದ ನೋಡಿಸಿ. ಕಡಿವಾಣದ ಕಂಬಿ ತಾಗುವುದು ಅಲ್ಲೇ. ಲಗಾಮು ಎಳೆದಾಗಲೆಲ್ಲ ತಲೆ ಒದರುವ ಎಷ್ಟೋ ಕುದುರೆಗಳಿಗೆ ಬೇಕಾಗಿರುವುದು ಹಲ್ಲಿಗೆ ಅರ, ಬೆನ್ನಿಗೆ ಬಾರುಕೋಲಲ್ಲ.

ಕೊರಳು ಬೆನ್ನು ಕೂಡುವಲ್ಲಿ ಎದ್ದುಕೊಂಡಿರುವ ದಿಬ್ಬದಿಂದ ಶುರುಮಾಡಿ, ಬೆನ್ನೆಲುಬಿನಿಂದ ನಾಲ್ಕು ಬೆರಳು ಆಚೆ, ಎರಡು ಬದಿಯಲ್ಲೂ ಬೆರಳ ತುದಿಯಿಂದ ಒತ್ತುತ್ತ ಸೊಂಟದವರೆಗೆ ಬನ್ನಿ. ಚರ್ಮ ಅದುರುವುದು ಬೇರೆ, ಬೆನ್ನು ಕುಸಿದು ತಪ್ಪಿಸಿಕೊಳ್ಳುವುದು ಬೇರೆ. ಎರಡನೆಯದು ಕಂಡರೆ ಬೆಲೆ ಮಾತಾಡುವುದನ್ನು ಅಲ್ಲಿಗೇ ನಿಲ್ಲಿಸಿ. ದಿಬ್ಬದ ಮೇಲೆ ಅಥವಾ ಬೆನ್ನಲ್ಲಿ ಬಿಳಿ ಕೂದಲಿನ ಮಚ್ಚೆಗಳಿದ್ದರೆ ಹಿಂದೆ ಅಲ್ಲಿ ಹೊರೆ ಒತ್ತಿ ಗಾಯವಾಗಿತ್ತೆಂದು ತಿಳಿಯಿರಿ. ‘ಯಾರೂ ಹತ್ತಿಲ್ಲ’ ಎಂಬ ಮಾತೂ ಆಗ ಸಂಶಯದ್ದೇ. ಗಟ್ಟಿ ನೆಲದಲ್ಲಿ ಹಗ್ಗ ಸಡಿಲ ಬಿಟ್ಟು ದುಡುಕಿಯಲ್ಲಿ, ಅಂದರೆ ನಡಿಗೆಗೂ ಓಟಕ್ಕೂ ನಡುವಿನ ಕುಕ್ಕುಹೆಜ್ಜೆಯಲ್ಲಿ, ಓಡಿಸಿ. ನೋವಿರುವ ಮುಂಗಾಲು ನೆಲ ಮುಟ್ಟುವಾಗ ತಲೆ ಮೇಲೇಳುತ್ತದೆ. ಕಣ್ಣಿಗಾದರೆ, ಬಿಸಿಲಿನಿಂದ ಕತ್ತಲೆ ಕೊಟ್ಟಿಗೆಗೆ ನಡೆಸಿ, ತಡವರಿಸುತ್ತದೆಯೇ ನೋಡಿ.

ಇನ್ನೊಂದು ಮಾತು. ನೋಡಲು ಹೋದ ದಿನ ಕುದುರೆ ಕೆಳತುಟಿ ಜೋಲುಬಿಟ್ಟು, ಅರೆಗಣ್ಣಲ್ಲಿ, ಏನು ಮಾಡಿದರೂ ಸುಮ್ಮನೆ ನಿಂತಿದ್ದರೆ, ಗಂಡಾದರೆ ಶಿಶ್ನವೂ ಇಳಿಬಿದ್ದಿದ್ದರೆ, ಮಂಪರಿನ ಔಷಧಿ ಕೊಟ್ಟಿರಬಹುದು. ನಾಲ್ಕು ದಿನ ಬಿಟ್ಟು, ಹೇಳದೆ ಮತ್ತೊಮ್ಮೆ ಹೋಗಿ. ಹೊಟ್ಟೆಗೆ ಹಾಕದೆ ಸೊರಗಿಸಿ ಸಾಧು ಮಾಡಿದ್ದೂ ಇರುತ್ತದೆ. ಅಂಥದ್ದು ನಿಮ್ಮ ಮನೆಯಲ್ಲಿ ಎರಡು ತಿಂಗಳು ಹುರುಳಿ ತಿಂದಮೇಲೆ ಬೇರೆಯದೇ ಕುದುರೆ.

ರಕ್ತ ಪರೀಕ್ಷೆ ಮಾಡಿಸದೆ ಮನೆಗೆ ತರಬೇಡಿ. ಗ್ಲ್ಯಾಂಡರ್ಸ್ ಎಂಬುದು ಮನುಷ್ಯರಿಗೂ ಅಂಟುವ, ಕಂಡುಬಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಕುದುರೆ ನೊಣ ಹರಡುವ ಸರ್ರಾ ಇನ್ನೊಂದು: ಜ್ವರ ಬಂದು ಹೋಗುತ್ತಿರುತ್ತದೆ, ಹೊಟ್ಟೆಯಡಿ ಬಾವು, ಎಷ್ಟು ತಿಂದರೂ ಇಳಿಯುವ ಮೈ. ಇದನ್ನು ಮೈಗಳ್ಳತನವೆಂದು ತಿಳಿದು ದುಡಿಸಿದರೆ ಕುದುರೆ ಉಳಿಯುವುದಿಲ್ಲ. ಧನುರ್ವಾಯುವಿಗೆ ಕುದುರೆಯಷ್ಟು ಬೇಗ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ; ನಾಲ್ಕು ವಾರದ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ವರ್ಷಕ್ಕೊಂದು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಕೇಳುವುದಕ್ಕೆ ದೂರ ಹೋಗಬೇಕಿಲ್ಲ.

ಈಗ ತೂಕ. ನಮ್ಮ ಕಡೆ ಯಾರೂ ಲೆಕ್ಕ ಹಾಕದ್ದು ಇದನ್ನೇ. ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂದುಗಡೆಯಿಂದ ಪೃಷ್ಠದ ತುದಿಯವರೆಗೆ ಮೈಯ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಸುಮಾರು ಕಿಲೊ ತೂಕ ಸಿಗುತ್ತದೆ. ಸುತ್ತಳತೆ 150, ಉದ್ದ 140 ಇರುವ ಟಟ್ಟು 265 ಕಿಲೊ ತೂಗುತ್ತದೆ. ಪಳಗಿದ, ಮೈ ಗಟ್ಟಿಯಾದ ಕುದುರೆಗೆ ಜೀನೂ ಸೇರಿ ತನ್ನ ತೂಕದ ನೂರಕ್ಕೆ 20 ಭಾಗ ಮೇಲ್ಮಿತಿ. ಹೊಸದಾಗಿ ಹೊರುವ ಹಳೆ ಕುದುರೆಗೆ ನಾವು 15 ಎನ್ನುತ್ತೇವೆ. ಅಂದರೆ ಈ ಟಟ್ಟುವಿಗೆ ಮೊದಲ ತಿಂಗಳುಗಳಲ್ಲಿ 40 ಕಿಲೊ, ಎಲ್ಲ ಕಲಿತ ಮೇಲೂ 53. ಜೀನೇ ಏಳೆಂಟು ಕಿಲೊ. ಇದರ ಮೇಲೆ 75 ಕಿಲೊದ ಪ್ರವಾಸಿಯನ್ನು ಕೂರಿಸಿ ಕವಲೇದುರ್ಗದ ಬುಡಕ್ಕೆ ಕಳಿಸುವ ಯೋಚನೆಯಿದ್ದರೆ ಕುದುರೆ ಕೊಳ್ಳುವುದೇ ಬೇಡ. ಸುತ್ತಳತೆ 172, ಉದ್ದ 160 ಇರುವ ದೊಡ್ಡ ಕುದುರೆ ಸುಮಾರು 400 ಕಿಲೊ. ಅದಕ್ಕೆ ಮೊದಲು 60, ಆಮೇಲೆ 80. ಹೊರೆ ಪ್ರಾಣಿಗಳ ಬಗೆಗಿನ 1965ರ ಕೇಂದ್ರ ನಿಯಮ ಟಟ್ಟುವಿನ ಬೆನ್ನ ಹೊರೆಗೆ 70 ಕಿಲೊ ಮಿತಿ ಹಾಕಿದೆ. ಅದು ಮೀರಬಾರದ ಗೆರೆ. ಬೆನ್ನು ಹದವಾಗದ ಟಟ್ಟುವಿಗೆ ಅಷ್ಟೂ ಹೊರಿಸಬಹುದು ಎಂದಲ್ಲ.

ಯಾವಾಗ ಶುರು ಮಾಡಬೇಕು ಎಂಬುದನ್ನು ಮಲೆನಾಡಿನಲ್ಲಿ ಮಳೆಯೇ ಹೇಳುತ್ತದೆ. ಬೇಸಿಗೆ ರಜೆಯ ಗಿರಾಕಿಗಳನ್ನು ನೆನೆದು ಏಪ್ರಿಲ್‌ನಲ್ಲಿ ಕೊಂಡು, ಜೂನ್‌ನಲ್ಲಿ ಕೆಸರಲ್ಲಿ ಪಾಠ ಹೇಳುವುದು ಎರಡು ಕಡೆಯ ನಷ್ಟ. ಜಾರುವ ಜಂಬಿಟ್ಟಿಗೆ ನೆಲದಲ್ಲಿ ಒಮ್ಮೆ ಮುಗ್ಗರಿಸಿ ಸವಾರನನ್ನು ಬೀಳಿಸಿದ ಕುದುರೆಗೆ ಆ ಭಯ ವರ್ಷಗಟ್ಟಲೆ ಇರುತ್ತದೆ. ನೆನೆದ ಬೆನ್ನಿನಲ್ಲಿ ಕೂದಲು ಗೊಂಚಲು ಗೊಂಚಲಾಗಿ ಹಕ್ಕಳೆಗಟ್ಟಿ ಏಳುವ ಚರ್ಮರೋಗವಿದ್ದರೆ ಅದರ ಮೇಲೆ ಜೀನು ಹಾಕುವಂತೆಯೇ ಇಲ್ಲ. ಕಾಲಿಗೆ ಉಂಬಳ ಹತ್ತಿದರೆ ಕುದುರೆ ನೆಲಕ್ಕೆ ಗೊರಸು ಬಡಿಯುತ್ತದೆ, ಹೊಟ್ಟೆಗೆ ಒದೆಯುತ್ತದೆ. ಕೆಸರು ಮೆತ್ತಿದ ಕಾಲಲ್ಲಿ ಉಂಬಳ ಕಾಣುವುದಿಲ್ಲವಾದ್ದರಿಂದ ಪಾಠ ಹೇಳುವವನು ಅದನ್ನು ತುಂಟತನ ಎಂದುಕೊಂಡು ಗದರುತ್ತಾನೆ. ಮೊದಲು ಬಗ್ಗಿ ಗೊರಸಿನ ಮೇಲಿನ ಸಂದು ನೋಡಿ, ಉಪ್ಪು ತಾಗಿಸಿ.

ಹಾಗಾಗಿ ಮಳೆಗಾಲ ಹೊಟ್ಟೆಗೂ ಗೊರಸಿಗೂ ಇರಲಿ. ಆಕಳಿಗೆ ಹಾಕುವ ಹಾಗೆ ದಿನವೂ ಅಕ್ಕಿ ತೌಡು ಕಲಸಿ ಇಡಬೇಡಿ. ತೌಡಿನಲ್ಲಿ ರಂಜಕ ವಿಪರೀತ, ಸುಣ್ಣದಂಶ ಅತ್ಯಲ್ಪ. ತಿಂಗಳುಗಟ್ಟಲೆ ತಿಂದ ಕುದುರೆ ತನ್ನ ಮೂಳೆಯಿಂದಲೇ ಸುಣ್ಣದಂಶ ಕಳೆದುಕೊಳ್ಳುತ್ತದೆ. ಮುಖದ ಮೂಳೆ ಊದುತ್ತದೆ, ಕಾಲು ಕುಂಟುತ್ತದೆ. ಒಣಗಿದ ಹುಲ್ಲು ಮೈತೂಕದ ನೂರಕ್ಕೆ ಎರಡು ಭಾಗ, ನಮ್ಮ ಟಟ್ಟುವಿಗೆ ದಿನಕ್ಕೆ ಐದು ಕಿಲೊಕ್ಕಿಂತ ಸ್ವಲ್ಪ ಹೆಚ್ಚು. ಬೇಯಿಸಿದ ಹುರುಳಿ ಒಂದೆರಡು ಹಿಡಿಯಿಂದ ಶುರುಮಾಡಿ ಕೆಲಸ ಏರಿದಂತೆ ಏರಿಸಬೇಕು. ಬೂಸಲು ಹಿಡಿದ ಬೈಹುಲ್ಲು ಮಾತ್ರ ಬೇಡವೇ ಬೇಡ. ಕುದುರೆಗೆ ವಾಂತಿ ಮಾಡಲಾಗುವುದಿಲ್ಲ, ಕೆಟ್ಟದ್ದು ತಿಂದರೆ ಹೊಟ್ಟೆಶೂಲೆಯೇ ಗತಿ. ಅಂಗಳದ ಕಣಗಿಲೆ, ಬೇಲಿಯ ಲಂಟಾನ ಎರಡೂ ವಿಷ. ದನದ ಕೊಟ್ಟಿಗೆಗೆ ಹಸಿ ಸೊಪ್ಪು ಹಾಸುವ ಪದ್ಧತಿಯೂ ಇಲ್ಲಿ ಕೂಡದು: ಉಚ್ಚೆ ನೆನೆದ ಸೊಪ್ಪಿನ ಮೇಲೆ ನಿಂತ ಗೊರಸಿನಡಿಯ ಮೆತ್ತನೆ ತ್ರಿಕೋನದ ಸಂದಿನಲ್ಲಿ ಕರಿ ನೀರು ಒಸರಿ, ಮೂಗು ಮುಚ್ಚುವ ನಾತ ಬರುತ್ತದೆ. ನೆಲ ಒಣಗಿರಲಿ, ದಿನಕ್ಕೊಮ್ಮೆ ಗೊರಸು ಕೆರೆಯಿರಿ, ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಸಮ ಮಾಡಿಸಿ. ಎತ್ತಿಗೆ ಲಾಳ ಹೊಡೆಯುವವರನ್ನು ಕರೆಯುವುದು ನಮ್ಮಲ್ಲಿ ರೂಢಿ. ಎತ್ತನ್ನು ಕೆಡವಿ ಎರಡೆರಡು ತುಂಡು ಲಾಳ ಹೊಡೆಯುವ ಕೈಗೆ ಕುದುರೆಯ ಒಂಟಿ ಗೊರಸಿನ ಲೆಕ್ಕ ಬೇರೆ ಎಂದು ಹೇಳಿಕೊಡಬೇಕಾಗುತ್ತದೆ. ಕುದುರೆಯನ್ನು ಕೆಡವಲಂತೂ ಬಿಡಬೇಡಿ.

ಅಕ್ಟೋಬರ್ ಹೊತ್ತಿನ ಭೂಮಿ ಹುಣ್ಣಿಮೆ (ಸೀಗಿ ಹುಣ್ಣಿಮೆ) ಕಳೆದು ನೆಲ ಗಟ್ಟಿಯಾದಮೇಲೆ ಪಾಠ. ವಾರಕ್ಕೆ ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ಅದಕ್ಕಿಂತ ಹೆಚ್ಚಲ್ಲ. ಮೊದಲ ಎರಡು ಮೂರು ವಾರ ನೆಲದ ಮೇಲಿನ ಕೆಲಸ: ಹಾಲ್ಟರ್ (ಕಡಿವಾಣವಿಲ್ಲದ ಮುಖಪಟ್ಟಿ) ಮತ್ತು ಹನ್ನೆರಡಡಿ ಹತ್ತಿ ಹಗ್ಗದಲ್ಲಿ ಜೊತೆಗೆ ನಡೆಯುವುದು, ನಿಲ್ಲುವುದು, ನಾಲ್ಕು ಹೆಜ್ಜೆ ಹಿಂದೆ ಸರಿಯುವುದು, ಬೆರಳು ತಾಗಿಸಿದರೆ ಹಿಂಭಾಗ ಪಕ್ಕಕ್ಕೆ ಸರಿಸುವುದು. ಹಗ್ಗವನ್ನು ಕೈಗೆ ಎಂದೂ ಸುತ್ತಿಕೊಳ್ಳಬೇಡಿ, ಬೆರಳು ಹೋಗುವುದು ಹಾಗೆಯೇ. ಕಲಿಸುವುದು ಒತ್ತುವುದರಿಂದಲ್ಲ, ಬಿಡುವುದರಿಂದ. ಕುದುರೆ ಅರ್ಧ ಹೆಜ್ಜೆ ಹಿಂದಿಟ್ಟ ಆ ಕ್ಷಣಕ್ಕೆ ಹಗ್ಗ ಸಡಿಲವಾಗಬೇಕು. ಎರಡು ಕ್ಷಣ ತಡವಾದರೆ ಅದು ಬೇರೇನನ್ನೋ ಕಲಿತಿರುತ್ತದೆ. ಹಳೆ ಕುದುರೆಗೆ ಮೈಮೇಲೆ ಬೀಳುವ, ಭುಜದಿಂದ ತಳ್ಳುವ, ಲಾಯದ ಬಾಗಿಲ ಕಡೆಗೇ ವಾಲುವ ಅಭ್ಯಾಸಗಳಿರುತ್ತವೆ. ಅವನ್ನೆಲ್ಲ ಇಲ್ಲೇ ಬಿಡಿಸಬೇಕು. ನೆಲದ ಮೇಲೆ ನಿಮ್ಮನ್ನು ತಳ್ಳುವ ಕುದುರೆ ಬೆನ್ನ ಮೇಲಿದ್ದಾಗ ನಿಮ್ಮ ಮಾತು ಕೇಳುತ್ತದೆಂದು ಯಾರೂ ಭಾವಿಸಬಾರದು.

ಜೊತೆಜೊತೆಗೇ ಗೋಣಿಚೀಲ, ಕೊಡೆ, ಕಂಬಳಿ, ಮಳೆಗಾಲದ ಪ್ಲಾಸ್ಟಿಕ್ ಕೊಪ್ಪೆ. ಮೊದಲು ದೂರದಿಂದ ತೋರಿಸಿ, ಹತ್ತಿರ ತಂದು, ಭುಜಕ್ಕೆ ಸವರಿ, ಕೊನೆಗೆ ಬೆನ್ನ ಮೇಲಿಡುವುದು. ಕುದುರೆ ತಲೆ ತಗ್ಗಿಸಿ, ತುಟಿ ನೆಕ್ಕಿ, ಮೂಗಿನಿಂದ ಉಸಿರು ಬಿಟ್ಟಾಗ ತೆಗೆದುಬಿಡಿ. ಬೆದರಿ ಸರಿದಾಗ ತೆಗೆದರೆ, ಬೆದರಿದರೆ ಕಂಬಳಿ ಹೋಗುತ್ತದೆ ಎಂಬ ಪಾಠವಾಯಿತು.

ದೀಪಾವಳಿ ದಾಟಿದ ಮೇಲೆ ಉದ್ದ ಲಗಾಮು. ಇಷ್ಟೂ ಕೆಲಸದಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾವು ಇದನ್ನೇ ಆರಿಸುತ್ತೇವೆ. ಹೊಟ್ಟೆಪಟ್ಟಿಯ ಎರಡು ಬದಿಯ ಬಳೆಗಳಲ್ಲಿ ತೂರಿಸಿದ 25 ಅಡಿಯ ಎರಡು ಹಗ್ಗ ಹಿಡಿದು, ಒದೆತಕ್ಕೆ ಸಿಗದಷ್ಟು ಹಿಂದೆ ನಿಂತು, ಕುದುರೆಯನ್ನು ಮುಂದೆ ಬಿಟ್ಟು ನಡೆಸುವುದು. ತಿರುಗುವುದು, ನಿಲ್ಲುವುದು ಎಲ್ಲ ಯಾರೂ ಮೇಲೆ ಕೂರುವ ಮೊದಲೇ ಕೈಗೆ ಬಂದಿರುತ್ತದೆ. ಜಟಕಾ ಕುದುರೆಗೆ ಇದು ತವರುಮನೆ. ಮನುಷ್ಯ ಹಿಂದಿರುವುದು, ಲಗಾಮು ಹಿಂದಿನಿಂದ ಮಾತಾಡುವುದು ಅದಕ್ಕೆ ಹೊಸತಲ್ಲ. ಅಲ್ಲಿ ನಿಮ್ಮ ಕೆಲಸ ಏನಿದ್ದರೂ ಹಿಂದಿದ್ದ ಮನುಷ್ಯನನ್ನು ನಿಧಾನವಾಗಿ ಮೇಲಕ್ಕೆ ತರುವುದು. ಆದರೆ ಒಂದು ತೊಡಕಿದೆ. ವರ್ಷಗಟ್ಟಲೆ ಕಣ್ಣುಪಟ್ಟಿ ಕಟ್ಟಿಸಿಕೊಂಡ ಕುದುರೆ ತನ್ನ ಹಿಂದೆ ಏನಿದೆ ಎಂದು ನೋಡಿಯೇ ಇಲ್ಲ. ಕಣ್ಣುಪಟ್ಟಿ ತೆಗೆದರೆ ಅದಕ್ಕೆ ಮುಂದೆ ಮೂಗಿನ ತುದಿ, ಹಿಂದೆ ಬಾಲದ ಹಿಂಬದಿ ಬಿಟ್ಟು ಸುತ್ತಲೂ ಕಾಣುತ್ತದೆ, ಬೆನ್ನ ಮೇಲೆ ಏಳುವ ಆಳಿನ ಆಕಾರವೂ ಕಾಣುತ್ತದೆ. ಗಾಬರಿಯಾಗುವುದು ಭಾರಕ್ಕಲ್ಲ, ಆ ನೆರಳಿಗೆ. ಕಣ್ಣುಪಟ್ಟಿಯಿಲ್ಲದೆ ಎರಡು ವಾರ ಉದ್ದ ಲಗಾಮಿನಲ್ಲಿ ನಡೆಸಿ. ಆಮೇಲೆ ಅದರ ಪಕ್ಕ ಮುಕ್ಕಾಲಿ ಇಟ್ಟು ಹತ್ತಿ ನಿಲ್ಲುವುದು, ಇಳಿಯುವುದು, ಕೈ ಬೀಸುವುದು. ಎರಡು ಬದಿಯಿಂದಲೂ ಮಾಡಿ. ಎಡಬದಿಯಲ್ಲಿ ಅಭ್ಯಾಸವಾದದ್ದಕ್ಕೂ ಬಲಬದಿಯಲ್ಲಿ ಕುದುರೆ ಮತ್ತೆ ಬೆದರಬಹುದು.

ಗಾಡಿಯ ಕೋಲು ಪಕ್ಕೆಗೆ ತಾಗಿದರೆ ಅಲಕ್ಷ್ಯ ಮಾಡಲು ಜಟಕಾ ಕುದುರೆ ಕಲಿತಿದೆ. ಆದ್ದರಿಂದ ಸವಾರನ ಕಾಲು ಒತ್ತಿದರೆ ಏನೂ ತಿಳಿಯುವುದಿಲ್ಲ. ಜೋರಾಗಿ ಒದೆಯುವುದು ದಡ್ಡತನ. ಜಟಕಾದವರು ನಡೆಸಲು ಬಳಸುತ್ತಿದ್ದ ಶಬ್ದ ಯಾವುದೆಂದು ಕೇಳಿಕೊಂಡು ಬನ್ನಿ. ಮೊದಲು ಕಾಲು ಮೆಲ್ಲಗೆ ಒತ್ತಿ, ಕೂಡಲೇ ಆ ಶಬ್ದ ಮಾಡಿ. ಈ ಕ್ರಮ ತಲೆಕೆಳಗಾಗಬಾರದು. ಹೊಸ ಸೂಚನೆ ಮುಂದೆ, ಗೊತ್ತಿರುವುದು ಹಿಂದೆ. ಹತ್ತು ಹನ್ನೆರಡು ದಿನದಲ್ಲಿ ಶಬ್ದಕ್ಕೆ ಕಾಯದೆ ಹೊರಡುತ್ತದೆ.

ವೃತ್ತದಲ್ಲಿ ಸುತ್ತಿಸುವ ಚಟ ಕೆಲವರಿಗಿದೆ. ಹಳೆ ಕುದುರೆಯನ್ನು ಅಡಿಕೆ ಒಣಹಾಕುವ ಅಂಗಳದಂಥ ಸಣ್ಣ ಜಾಗದಲ್ಲಿ ಅರ್ಧ ಗಂಟೆ ತಿರುಗಿಸಿದರೆ ಕೀಲು ಸವೆಯುವುದಲ್ಲದೆ ಬೇರೇನಿಲ್ಲ. ಸುತ್ತಿಸಲೇಬೇಕೆಂದರೆ ವೃತ್ತದ ಅಡ್ಡಳತೆ 18–20 ಮೀಟರ್ ಇರಲಿ, ಒಂದೊಂದು ದಿಕ್ಕಿಗೆ ಐದಾರು ನಿಮಿಷ ಸಾಕು. ಬೆನ್ನು ಗಟ್ಟಿಯಾಗುವುದು ನೇರ ನಡಿಗೆಯಲ್ಲಿ, ಗುಡ್ಡದಲ್ಲಿ. ಅದೊಂದು ವಿಷಯದಲ್ಲಿ ಮಲೆನಾಡು ಪುಣ್ಯ ಮಾಡಿದೆ: ಏರು ಹುಡುಕಿಕೊಂಡು ಹೋಗಬೇಕಿಲ್ಲ. ಮನೆಯ ಹಿಂದಿನ ದರೆ ಹತ್ತುವ ದಾರಿಯಲ್ಲಿ ನಿಧಾನ ನಡೆಸಿಕೊಂಡು ಹತ್ತಿಸಿ, ಇನ್ನೂ ನಿಧಾನವಾಗಿ ಇಳಿಸಿ. ಸಮತಟ್ಟು ನೆಲದಲ್ಲಿ ನಾಲ್ಕು ಅಡಿಕೆ ದಬ್ಬೆಗಳನ್ನು 80 ಸೆಂಟಿಮೀಟರ್ ಅಂತರದಲ್ಲಿ, ಉರುಳದಂತೆ ಚಪ್ಪಟೆ ಬದಿ ಕೆಳಗಾಗಿ ಹಾಕಿ, ಅವುಗಳ ಮೇಲೆ ದಾಟಿಸಿ. ಪ್ರತಿ ಹೆಜ್ಜೆಗೂ ಕಾಲೆತ್ತಬೇಕಾದಾಗ ಹೊಟ್ಟೆಯ ಸ್ನಾಯು ಬಿಗಿಯಲೇಬೇಕು. ಕೆಲಸ ಮುಗಿದ ಮೇಲೆ ಒಂದು ತುಂಡು ಗಜ್ಜರಿ ತೋರಿಸಿ ಮೂತಿಯನ್ನು ಎದೆಗೆ, ಮುಂಗಾಲುಗಳ ನಡುವಿಗೆ, ಎರಡು ಪಕ್ಕೆಗೆ ತರಿಸಿ. ಪ್ರತಿಸಲ ಐದು ಎಣಿಸುವವರೆಗೆ ಹಿಡಿದು, ಮೂರು ನಾಲ್ಕು ಸಲ. ಮಕ್ಕಳಾಟದಂತೆ ಕಂಡರೂ ಬೆನ್ನೆಲುಬಿಗೆ ಒತ್ತಿಕೊಂಡಿರುವ ಒಳಸ್ನಾಯುಗಳಿಗೆ ಇದರಷ್ಟು ಹಿಡಿಸುವ ವ್ಯಾಯಾಮ ಕಡಿಮೆ. ಮರಳಿನ ಮೂಟೆ ಕಟ್ಟಿ ತಿರುಗಿಸುವವರಿದ್ದಾರೆ. ಸತ್ತ ಭಾರ ಹೆಜ್ಜೆಹೆಜ್ಜೆಗೂ ಕುಕ್ಕುತ್ತದೆ, ಸವಾರ ಹಾಗೆ ಕುಕ್ಕಬಾರದು. ನಮಗೆ ಅದರಲ್ಲಿ ನಂಬಿಕೆಯಿಲ್ಲ.

ಕಡಿವಾಣಕ್ಕೆ ನಡುವೆ ಕೀಲಿರುವ ನುಣುಪು ಕಂಬಿ ಸಾಕು. ಬಾಯಿಯ ಅಗಲಕ್ಕಿಂತ ಎರಡು ಕಡೆ ಅರ್ಧರ್ಧ ಸೆಂಟಿಮೀಟರ್ ಹೆಚ್ಚಿರಬೇಕು. ಮುಳ್ಳು ಕಡಿವಾಣ ಈಗಲೂ ಜಾತ್ರೆಯ ಅಂಗಡಿಗಳಲ್ಲಿ ತೂಗುತ್ತದೆ. 1965ರ ಅದೇ ನಿಯಮ ಅದನ್ನು ನಿಷೇಧಿಸಿದೆ. ಜೀನು ಯಾರದೋ ಕುದುರೆಯದು ತಂದು ಹಾಕಬೇಡಿ. ಸವಾರ ಕೂತಾಗ ಹೆಗಲ ದಿಬ್ಬಕ್ಕೂ ಜೀನಿನ ಮುಂದಿನ ಕಮಾನಿಗೂ ನಡುವೆ ಮೂರು ಬೆರಳು ಆಡಬೇಕು, ಬೆನ್ನೆಲುಬಿನ ಉದ್ದಕ್ಕೂ ನಡುವೆ ಮೂರು ನಾಲ್ಕು ಬೆರಳಿನ ಕಾಲುವೆ ಬಿಟ್ಟಿರಬೇಕು, ಹಿಂಬದಿ ಕೊನೆಯ ಪಕ್ಕೆಲುಬು ದಾಟಬಾರದು. ಇಪ್ಪತ್ತು ನಿಮಿಷ ನಡೆಸಿ ಜೀನು ತೆಗೆದು ನೋಡಿ: ಇಡೀ ಜಾಗ ಒಂದೇ ಸಮ ಬೆವೆತಿದ್ದರೆ ಸರಿ. ಬೆವರಿನ ನಡುವೆ ಅಂಗೈಯಗಲ ಒಣಗಿದ ಜಾಗವಿದ್ದರೆ ಅಲ್ಲೇ ಒತ್ತುತ್ತಿದೆ, ನಾಳೆ ಅಲ್ಲೇ ಗಾಯ. ದುಂಡು ಹೊಟ್ಟೆಯ ಹೆಣ್ಗುದುರೆಗೆ ಜೀನು ಮುಂದೆ ಜಾರುತ್ತದೆ, ಬಾಲದಡಿಯ ಪಟ್ಟಿ ಬೇಕಾಗುತ್ತದೆ. ಹೊಟ್ಟೆಪಟ್ಟಿಯನ್ನು ಒಂದೇ ಸಲ ಬಿಗಿಯಬೇಡಿ. ಒಂದು ತೂತು ಏರಿಸಿ ಹತ್ತು ಹೆಜ್ಜೆ ನಡೆಸಿ, ಮತ್ತೊಂದು ತೂತು, ಹೀಗೆ ಮೂರು ಕಂತು. ಮೊದಲ ದಿನಗಳಲ್ಲಿ ಕುದುರೆಯನ್ನು ಕಂಬಕ್ಕೆ ಕಟ್ಟಿ ಬಿಗಿಯುವುದಂತೂ ಅಪಾಯ. ಬೆದರಿ ಹಿಂದಕ್ಕೆ ಜಗ್ಗಿದರೆ ಹಗ್ಗ, ಕಂಬ, ಕೊರಳು ಮೂರರಲ್ಲಿ ಒಂದು ಮುರಿಯಬೇಕು.

ಎಳ್ಳಮಾವಾಸ್ಯೆಯ ಹೊತ್ತಿಗೆ ಮೊದಲ ಸಲ ಮೇಲೆ ಹೋಗಬಹುದು. ಹಗುರ ಮೈಯ, ಕುದುರೆ ಬಲ್ಲ ಸವಾರ. ತಲೆಯ ಹತ್ತಿರ ಹಗ್ಗ ಹಿಡಿದು ಇನ್ನೊಬ್ಬ. ಹೆಲ್ಮೆಟ್, ಹಿಮ್ಮಡಿಯಿರುವ ಬೂಟು ಕಡ್ಡಾಯ. ಹವಾಯಿ ಚಪ್ಪಲಿಯ ಕಾಲು ರಿಕಾಪಿನಲ್ಲಿ (ಜೀನಿನಿಂದ ಇಳಿಬಿದ್ದ, ಕಾಲಿಡುವ ಬಳೆಯಲ್ಲಿ) ತೂರಿ ಸಿಕ್ಕಿಕೊಂಡರೆ ಬಿದ್ದವನನ್ನು ಕುದುರೆ ಎಳೆದುಕೊಂಡು ಹೋಗುತ್ತದೆ. ಕುದುರೆಯ ಕೊರಳಿಗೊಂದು ಪಟ್ಟಿ ಕಟ್ಟಿರಿ, ಗಾಬರಿಯಲ್ಲಿ ಸವಾರ ಹಿಡಿಯಬೇಕಾದ್ದು ಅದನ್ನು ಅಥವಾ ಅಯಾಲನ್ನು (ಕೊರಳ ಕೂದಲನ್ನು), ಲಗಾಮನ್ನಲ್ಲ. ನೆಲದಿಂದ ರಿಕಾಪಿಗೆ ಜೋತು ಹತ್ತಬೇಡಿ, ಇಡೀ ತೂಕ ಒಂದೇ ಬದಿಗೆ ಬಿದ್ದು ಬೆನ್ನೆಲುಬು ತಿರುಚುತ್ತದೆ. ಮುಕ್ಕಾಲಿಯ ಮೇಲಿಂದ ಮೊದಲು ಗೋಣಿಚೀಲದ ಹಾಗೆ ಹೊಟ್ಟೆಯ ಮೇಲೆ ಅಡ್ಡ ಮಲಗುವುದು. ಐದು ಎಣಿಸಿ ಇಳಿಯುವುದು. ಮೂರು ಸಲ, ಅಷ್ಟಕ್ಕೆ ಆ ದಿನದ ಕೆಲಸ ಮುಗಿಯಿತು.

ಈ ಹೊತ್ತಿನಲ್ಲಿ ತಲೆಯ ಬಳಿ ನಿಂತವನಿಗೆ ಕುದುರೆಯ ಮುಖ ಓದಲು ಬರಬೇಕು. ಒಂದು ಕಿವಿ ಹಿಂದೆ ಸವಾರನ ಕಡೆ, ಒಂದು ಮುಂದೆ, ಕಣ್ಣು ಮಿಟುಕಿಸುತ್ತಿದೆ, ಮೂಗಿನ ಹೊಳ್ಳೆ ದುಂಡಗೆ ಮೆತ್ತಗಿದೆ, ಪಕ್ಕೆ ಏರಿಳಿಯುತ್ತಿದೆ ಎಂದರೆ ಸರಿಹೋಗುತ್ತಿದೆ. ಎರಡು ಕಿವಿಯೂ ನೆಟ್ಟಗೆ ಗಡುಸಾಗಿ, ಹೊಳ್ಳೆಯ ಮೇಲೆ ಗೆರೆ ಮೂಡಿ, ಬಾಲ ತೊಡೆಯ ನಡುವೆ ಒತ್ತಿ, ಉಸಿರು ಕಟ್ಟಿ ಕಂಬದಂತೆ ನಿಂತಿದೆಯೆಂದರೆ ಅದು ಶಾಂತವಾಗಿಲ್ಲ. ಮುಂದಿನ ಹೆಜ್ಜೆಗೆ ಸಿಡಿಯುತ್ತದೆ. ಜಟಕಾ ಕುದುರೆಗಳು ಹೀಗೆ ನಿಲ್ಲುವುದರಲ್ಲಿ ನಿಸ್ಸೀಮರು, ಏಕೆಂದರೆ ಅಲುಗಿದರೆ ಏಟು ಬೀಳುತ್ತದೆಂದು ಕಲಿತಿವೆ. ಸವಾರ ಮೆಲ್ಲಗೆ ಇಳಿಯಬೇಕು, ಕುದುರೆಯನ್ನು ಹತ್ತು ಹೆಜ್ಜೆ ನಡೆಸಿ ಉಸಿರು ಬಿಡಿಸಬೇಕು, ಹಿಂದಿನ ಪಾಠಕ್ಕೆ ಮರಳಬೇಕು. ‘ಸುಮ್ಮನಿದೆಯಲ್ಲ, ನಡೆಸಿ’ ಎಂದವರ ಮಾತು ಕೇಳಿದ್ದಕ್ಕೇ ಸವಾರರು ಬಿದ್ದಿರುವುದು.

ಕೂತ ಮೇಲೆ ಮೊದಲ ದಿನಗಳಲ್ಲಿ ಮೂರರಿಂದ ಐದು ನಿಮಿಷ, ಹಗ್ಗ ಹಿಡಿದವನ ಜೊತೆ ನಡಿಗೆ. ವಾರಕ್ಕೆ ಐದು ನಿಮಿಷದಂತೆ ಏರಿಸಿದರೆ ಶಿವರಾತ್ರಿಗೆ ನಲವತ್ತು ನಿಮಿಷ ನಡಿಗೆ ಬರುತ್ತದೆ. ವಾರಕ್ಕೆ ಮೂರು ದಿನ ಸವಾರಿ, ಎರಡು ದಿನ ನೆಲದ ಕೆಲಸ. ಆರು ವಾರ ನಡಿಗೆಯಾಗದೆ ದುಡುಕಿ ಬೇಡ. ಶುರು ಮಾಡಿದರೂ ಒಂದೊಂದು ನಿಮಿಷ, ಸವಾರ ಜೀನಿನಿಂದ ಎದ್ದೆದ್ದು ಕೂರುತ್ತ. ಓಟದ ಮಾತು ಯುಗಾದಿಯಾಚೆಗೆ. ಸ್ನಾಯು ಬೇಗ ಗಟ್ಟಿಯಾಗುತ್ತದೆ, ಸ್ನಾಯುರಜ್ಜು ಮೂಳೆಗಳಿಗೆ ತಿಂಗಳುಗಳೇ ಬೇಕು. ಕುದುರೆ ಉತ್ಸಾಹದಿಂದ ಕುಣಿಯಲು ಶುರುಮಾಡಿದ ವಾರಗಳಲ್ಲೇ ಕಾಲು ಊದುವುದು ಅದಕ್ಕೆ. ದಿನಾ ಬೆಳಿಗ್ಗೆ ಮುಂಗಾಲಿನ ಹಿಂಬದಿಯ ಸ್ನಾಯುರಜ್ಜುವಿನುದ್ದಕ್ಕೂ ಕೈ ಇಳಿಸಿ, ಎರಡು ಕಾಲನ್ನೂ ಹೋಲಿಸಿ ನೋಡಿ. ಒಂದು ಬಿಸಿಯಾಗಿದ್ದರೆ ಆ ದಿನ ರಜೆ. ದವಡೆಯಡಿಯಲ್ಲಿ ನಾಡಿ ಸಿಗುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44. ಕೆಲಸ ನಿಲ್ಲಿಸಿದ ಹತ್ತು ನಿಮಿಷಕ್ಕೆ 60ಕ್ಕಿಂತ ಇಳಿಯದಿದ್ದರೆ ಅಂದಿನ ಕೆಲಸ ಹೆಚ್ಚಾಯಿತು.

ಡಿಸೆಂಬರಿನಿಂದ ಮೇವರೆಗೆ ನಮ್ಮಲ್ಲಿ ಉಣುಗಿನ (ಉಣ್ಣೆಹುಳದ) ಕಾಲವೂ ಹೌದು. ಉಣುಗಿನಿಂದ ಮನುಷ್ಯರಿಗೆ ಹರಡುವ ಮಂಗನಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹೊಸ ಕುದುರೆಯ ಅಭ್ಯಾಸ ಗದ್ದೆ ಬಯಲು, ತೋಟದ ದಾರಿಯಲ್ಲೇ ನಡೆಯಲಿ, ಕಾನಿನೊಳಗೆ ಬೇಡ. ಕಾಡಂಚಿಗೆ ಹೋಗಲೇಬೇಕಾದರೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ನೀವು ಹಚ್ಚಿಕೊಳ್ಳಿ. ಬಂದ ಮೇಲೆ ಕುದುರೆಯ ಕಿವಿಯೊಳಗೆ, ತೊಡೆಸಂದು, ಬಾಲದ ಬುಡ ನೋಡಿ ಉಣುಗು ತೆಗೆಯಿರಿ. ಕುದುರೆಗೂ ಉಣುಗಿನಿಂದ ರಕ್ತದ ಜ್ವರ ಬರುತ್ತದೆ.

ಪಶುಪಾಲನಾ ಇಲಾಖೆಯವರು ಇದನ್ನು ಓದಿದರೆ ಒಂದು ವಿನಂತಿ. ಕುದುರೆಗಳ ಹಲ್ಲು ಅರ ಹಾಕುವುದು, ಗೊರಸು ಕತ್ತರಿಸುವುದು ಬಲ್ಲವರು ಮಲೆನಾಡಿನಲ್ಲಿ ಸಿಗುವುದೇ ಕಷ್ಟ. ಮಳೆಗಾಲಕ್ಕೆ ಮುಂಚೆ ತಾಲ್ಲೂಕಿಗೊಂದು ದಿನದ ಶಿಬಿರ ನಡೆಸಿದರೆ, ಎತ್ತಿಗೆ ಲಾಳ ಹೊಡೆಯುವ ನಾಲ್ಕು ಜನಕ್ಕೆ ಕುದುರೆಯ ಗೊರಸಿನ ಕೆಲಸವನ್ನೂ ಕಲಿಸಿದರೆ, ಅವರಿಗೂ ಕಸುಬು ಉಳಿಯುತ್ತದೆ.

ಯುಗಾದಿಗೂ ಕುದುರೆ ತಯಾರಾಗದಿದ್ದರೆ? ನಾಲ್ಕೈದು ಮರಿ ಹಾಕಿದ ಹೆಣ್ಗುದುರೆಗಳಲ್ಲಿ, ಹದಿನಾಲ್ಕು ವರ್ಷ ದಾಟಿದವುಗಳಲ್ಲಿ ಹೀಗಾಗುವುದು ಸಾಮಾನ್ಯ. ಮಳೆ ಹಿಡಿಯುವ ಮೊದಲು ಜೀನು ಒರೆಸಿ ಅಟ್ಟಕ್ಕೆ ಹಾಕಿ, ಮಳೆಗಾಲದಲ್ಲಿ ಹೊಳವಾದ ದಿನ ಹಗ್ಗದಲ್ಲಿ ನಡೆಸುತ್ತಿರಿ. ಕಲಿತದ್ದನ್ನು ಕುದುರೆ ಮರೆಯುವುದಿಲ್ಲ, ಬೆನ್ನು ಮರೆಯುತ್ತದೆ. ಮುಂದಿನ ಭೂಮಿ ಹುಣ್ಣಿಮೆಗೆ ಹೊಟ್ಟೆಯ ಮೇಲೆ ಅಡ್ಡ ಮಲಗುವಲ್ಲಿಂದ ಅಲ್ಲ, ಅಡಿಕೆ ದಬ್ಬೆ ದಾಟಿಸುವಲ್ಲಿಂದ ಮತ್ತೆ ಶುರು ಮಾಡಿ.

ಇಂತು,
ಕುದುರೆ ಪಳಗಿಸುವ ಕೆಲಸದಲ್ಲಿರುವ ಕೆಲವರು,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ